ತಗಡಿನಡಿಯ ಮೂರು ಅಕ್ಷರ

ಭೋಜ ಮೀನು ಸುಡುವ ಆ ಗ್ರಿಲ್ಲನ್ನು ನನ್ನ ಅಂಗಡಿಗೆ ತಂದದ್ದು ಒಂದು ಸೋಮವಾರ ಬೆಳಿಗ್ಗೆ. ಕೈಗಾಡಿಯ ಮೇಲೆ ಅಂಗಾತ ಮಲಗಿಸಿ, ಹೂವಿನ ಚಿತ್ರದ ಹಳೇ ಬೆಡ್‌ಶೀಟು ಹೊದಿಸಿ, ತಾನೇ ತಳ್ಳಿಕೊಂಡು ಬಂದಿದ್ದ. ಹನ್ನೊಂದು ವರ್ಷದಲ್ಲಿ ಅವನು ನನ್ನ ಹೊಸ್ತಿಲ ಹತ್ತಿರ ಬಂದದ್ದು ಅದೇ ಮೊದಲು. ನನಗೆ ಅವನನ್ನು ಕಂಡರೆ ಮೈ ಉರಿಯುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಹಾಗಾಗಿ ಮೆಟ್ಟಿಲ ಕೆಳಗೇ ನಿಂತು ಮಾತಾಡಿದ.

"ಕಲ್ಯಾಣಕ್ಕ, ಶುಕ್ರವಾರ ಹೊಸ ಮಾರ್ಕೆಟ್ಟು ಶುರು. ಎಲ್ಲರ ಒಲೆನೂ ಫಳಫಳ ಅನ್ಬೇಕಂತೆ, ಯಜಮಾನ್ರು ದಾಮೋದರಯ್ಯನೋರು ಹೇಳಿದಾರೆ. ಇದನ್ನ ಹೊಸದರ ಥರ ಮಾಡ್ಕೊಡು. ಮುಂದಿರೋ ಅಕ್ಷರ ಮಾಸಿದೆ, ಅದನ್ನೂ ತಿದ್ದು. ಆದ್ರೆ ಒಂದು ಮಾತು, ಆ ಅಕ್ಷರ ಇರೋ ತಗಡು ಬಿಚ್ಚಬೇಡ. ಮೇಲಿಂದ್ಲೇ ಉಜ್ಜು ಸಾಕು."

"ಕೆಲಸ ಹೇಗೆ ಮಾಡ್ಬೇಕು ಅಂತ ನೀನು ಹೇಳ್ಕೊಡ್ತೀಯಾ?" ಅಂದೆ. ಅವನು ಬೆಡ್‌ಶೀಟು ಮಡಚಿಕೊಂಡು ಹೊರಟುಹೋದ.

ನಾನು ಪಾತ್ರೆ ಬೀದಿಯಲ್ಲಿ ಹೆಸರು ಹಾಕುವವಳು, ಒಲೆಗೆ ಹೊಳಪು ಕೊಡುವವಳು, ಊರಿಗೆ ನಾನೊಬ್ಬಳೇ. ಬೇರೆ ಊರುಗಳಲ್ಲಿ ಮದುವೆಗೆ ಕೊಡುವ ಚೊಂಬಿನ ಮೇಲೆ, ಯಾರೂ ಎತ್ತಿಕೊಂಡು ಹೋಗದಿರಲಿ ಅಂತ ತಟ್ಟೆಯ ಮೇಲೆ ಹೆಸರು ಹಾಕಿಸುತ್ತಾರಂತೆ. ನಮ್ಮೂರಲ್ಲಿ ಒಲೆಯ ಮೇಲೆ ಹಾಕಿಸಬೇಕು. ಹೆಸರಿಲ್ಲದ ಒಲೆಗೆ ಸೀಮೆಎಣ್ಣೆ ಸುರಿದರೂ ಬೆಂಕಿ ಹತ್ತುವುದಿಲ್ಲ. ಹೆಸರು ಒಲೆಯ ಮೈಯಲ್ಲೇ ಕೆತ್ತಿರಬೇಕು, ಆ ಹೆಸರಿನವರು ಭೂಮಿಯ ಮೇಲೆ ಎಲ್ಲಾದರೂ ಉಸಿರಾಡುತ್ತಿರಬೇಕು. ಅವರು ತೀರಿಕೊಂಡ ದಿನ ಬೆಂಕಿಯೂ ತೀರಿತು. ಇನ್ನೊಬ್ಬರ ಹೆಸರು ಕೆತ್ತಿಸಬೇಕು. ಬದುಕಿರುವವರ ಹೆಸರು ಅಳಿಸಿ ಬೇರೆಯವರದು ಕೆತ್ತಿದರೆ ಮಾತ್ರ ಆ ಒಲೆ ಮತ್ತೆಂದೂ ಯಾರಿಗೂ ಹೊತ್ತುವುದಿಲ್ಲ. ಚಹಾದಂಗಡಿಯ ಮುದುಕಪ್ಪಜ್ಜ ತನ್ನ ಒಲೆಗೆ ಹಡಗಿನಲ್ಲಿ ಕೆಲಸ ಮಾಡುವ ಮೊಮ್ಮಗನ ಹೆಸರು ಹಾಕಿಸಿದ್ದಾನೆ. ದಿನಾ ಬೆಳಿಗ್ಗೆ ಅವನ ಹೆಂಡತಿ ಒಳಗಿನಿಂದ "ಹತ್ತಿತಾ?" ಅಂತ ಕೇಳುತ್ತಾಳೆ. "ಹತ್ತಿತು" ಅಂದ ಮೇಲೇ ಎದ್ದು ಮುಖ ತೊಳೆಯುತ್ತಾಳೆ. ಮನೆಯ ಒಲೆಗೆ ಯಾರ ಹೆಸರು ಅಂತ ಅತ್ತೆ ಸೊಸೆಯರು ನನ್ನ ಅಂಗಡಿಯ ಕಟ್ಟೆಯ ಮೇಲೇ ಕಚ್ಚಾಡುತ್ತಾರೆ. ನಾನು ಉಳಿ ಹಿಡಿದು ಕಾಯುತ್ತೇನೆ.

ಭೋಜ ತಂದ ಗ್ರಿಲ್ಲು ಮೊದಲು ಅವನ ಅಕ್ಕ ವಾರಿಜಳದು. ಕೆರೆಯ ದಂಡೆಯಲ್ಲಿ ಇಪ್ಪತ್ತು ವರ್ಷ ಅವಳು ಅದರ ಮೇಲೆ ಮೀನು ಸುಟ್ಟಳು. ಮದುವೆಯಾಗಲಿಲ್ಲ. ತಮ್ಮನನ್ನು ಓದಿಸಿದಳು, ಅವನಿಗೆ ಹೆಣ್ಣು ತಂದಳು, ಮನೆಗೆ ಹೆಂಚು ಹೊದಿಸಿದಳು. ತುಕ್ಕು ಹಿಡಿಯುವ ಕಬ್ಬಿಣ ಬೇಡ ಅಂತ ಹಟ ಹಿಡಿದು ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಹಾಳೆ ತರಿಸಿ, ಬೆರಳು ಗಾತ್ರದ ಸರಳು ಕೂರಿಸಿ ಅದನ್ನು ಮಾಡಿಸಿದ್ದಳು. ಅದರ ಮೇಲೆ ಹೆಸರು ಕೆತ್ತಿದವಳು ನಾನು. ಆಗ ನನಗೆ ಇಪ್ಪತ್ತೆಂಟು. ಅಷ್ಟು ದೊಡ್ಡ ಅಕ್ಷರ ಅದಕ್ಕಿಂತ ಮುಂಚೆ ಕೆತ್ತಿರಲಿಲ್ಲ. ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "'ವಾ'ದ ಬಾಲ ಇನ್ನೂ ಸ್ವಲ್ಪ ಎಳಿಯೇ, ಜುಗ್ಗಿ" ಅಂತ ಬೈಯುತ್ತ ಕೆತ್ತಿಸಿಕೊಂಡಳು. ಅವತ್ತಿನಿಂದ ಗೆಳತಿಯರಾದೆವು.

ಹನ್ನೊಂದು ವರ್ಷದ ಹಿಂದೆ ಅವಳಿಗೆ ಜ್ವರ ಬಂದು, ಬಲಗಡೆ ಸ್ವಾಧೀನ ತಪ್ಪಿ, ಮಾತು ನಿಂತುಹೋಯಿತು. ಭೋಜ ಅವಳನ್ನು ಲಾಂಚಿನಲ್ಲಿ ಹೊಳೆಯ ಮೇಲಿನ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂರನೇ ತಿಂಗಳು, ಅಕ್ಕ ಹೋದಳು, ಅಲ್ಲೇ ಸುಟ್ಟು ಬಂದೆ ಅಂದ. ಸ್ವಲ್ಪ ದಿನಕ್ಕೆ ಗ್ರಿಲ್ಲು ಮತ್ತೆ ಹೊಗೆಯಾಡಿತು. ಮುಂದೆ ಒಂದು ಹೊಳೆಯುವ ತಗಡು, ಅದರ ಮೇಲೆ ಬಣ್ಣದಲ್ಲಿ ಬರೆದ 'ಭೋಜನ ಮೀನು' ಎಂಬ ಅಕ್ಷರ. ಹೆಸರು ಬೇರೆ ಊರಿನವನ ಕೈಲಿ ಕೆತ್ತಿಸಿದೆ, ಚೆನ್ನಾಗಿ ಬರಲಿಲ್ಲ, ಅದಕ್ಕೇ ಮೇಲೆ ತಗಡು ಹೊಡೆಸಿದೆ ಅಂತ ಎಲ್ಲರಿಗೂ ಹೇಳಿಕೊಂಡ. ನನಗೆ ತಲೆಗೇರಿತು. ವಾರಿಜಳ ಹೆಸರು ಕೆತ್ತಿದ ನನ್ನ ಕೈ ಇವನಿಗೆ ಬೇಡವಾಯಿತೇ? ಆ ಸೊಕ್ಕಿನಲ್ಲಿ ಹನ್ನೊಂದು ವರ್ಷ ಕೆರೆಯ ದಂಡೆಯ ಕಡೆ ತಲೆಹಾಕಲಿಲ್ಲ. ಈಗ ಯೋಚಿಸಿದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸೋಮವಾರ ಪೂರ್ತಿ ಜಿಡ್ಡು ಬಿಡಿಸುವುದರಲ್ಲೇ ಕಳೆಯಿತು. ಕುದಿಯುವ ನೀರಿಗೆ ವಾಷಿಂಗ್ ಸೋಡಾ ಹಾಕಿ ಗೋಣಿತಾಟು ಅದ್ದಿ ಹೊದಿಸಿದೆ. ಮೀನಿನ ಎಣ್ಣೆ ಸುಟ್ಟು ಸುಟ್ಟು ಟಾರಿನ ಹಾಗೆ ಕೂತಿತ್ತು. ಸರಳಿನ ಸಂದಿಯಿಂದ ಮುಳ್ಳು, ಹುರುಪೆ, ಇದ್ದಿಲ ಪುಡಿ ಹಿಡಿಗಟ್ಟಲೆ ಬಂತು. ಹನ್ನೊಂದು ವರ್ಷ ಆ ಮನುಷ್ಯ ಅದನ್ನು ಒಂದು ಸಲವೂ ನೆಟ್ಟಗೆ ತೊಳೆದಿರಲಿಲ್ಲ. ಒಳ್ಳೆಯ ಸ್ಟೀಲಿಗೆ ಗೆರೆಯಿರುತ್ತದೆ, ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ. ಆ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಹೊಳಪು ಸತ್ತ ಹಾಗೆ. ಇವನ ಮನೆಯವರು ಯಾರೋ ಕಬ್ಬಿಣದ ನಾರಿನಿಂದ ಗುಂಡಗೆ ತಿಕ್ಕಿ ತಿಕ್ಕಿ ಮೈಯೆಲ್ಲ ಗೀರು ಮಾಡಿದ್ದರು. ಮಂಗಳವಾರ ಒರಟು ಎಮರಿ ಕಾಗದ ಹಿಡಿದು ಶುರುಮಾಡಿದೆ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಸಂಜೆಯ ಹೊತ್ತಿಗೆ ಎರಡು ಬದಿಯೂ ಬೆಳ್ಳಗೆ ಹೊಳೆದವು.

ಬುಧವಾರ ಮುಂಭಾಗಕ್ಕೆ ಕೈಹಾಕಿದೆ. ತಗಡಿನ ನಾಲ್ಕು ಮೂಲೆಯ ಬೋಲ್ಟು ಅಗ್ಗದ ಕಬ್ಬಿಣದವು. ತುಕ್ಕು ಅವುಗಳಿಂದ ಕೆಳಗಿಳಿದು ಒಳ್ಳೆಯ ಸ್ಟೀಲಿನ ಮೇಲೆ ಕಂದು ಕಣ್ಣೀರಿನ ಗೆರೆ ಎಳೆದಿತ್ತು. ಎಷ್ಟು ಉಜ್ಜಿದರೂ ಮತ್ತೆ ಒಸರುತ್ತಿತ್ತು. ಬಿಚ್ಚಬೇಡ ಅಂದಿದ್ದ. ಆದರೆ ತುಕ್ಕನ್ನು ಒಳಗಿಟ್ಟು ಮೇಲೆ ಹೊಳಪು ಕೊಡುವ ಕೆಲಸ ನಾನು ಜನ್ಮದಲ್ಲಿ ಮಾಡಿದವಳಲ್ಲ. ಎಣ್ಣೆ ಬಿಟ್ಟು, ಸ್ಪಾನರು ಹಾಕಿ, ಒಂದೊಂದೇ ತಿರುಗಿಸಿದೆ. ತಗಡು ಕಳಚಿ ಕಾಲ ಮೇಲೆ ಬಿತ್ತು.

ಕೆಳಗೆ ವಾರಿಜ. ಮೂರೇ ಅಕ್ಷರ. ನಾನೇ ಕೆತ್ತಿದ್ದು. 'ವಾ'ದ ಬಾಲ ಅವಳು ಹೇಳಿದಷ್ಟು ಉದ್ದಕ್ಕೆ ಇತ್ತು. ಅದರ ಮೇಲೆ ಯಾರೂ ಏನೂ ಕೆತ್ತಿರಲಿಲ್ಲ. ಗ್ರಿಲ್ಲನ್ನು ಮಗುಚಿ ನೋಡಿದೆ, ಕಾಲು ನೋಡಿದೆ, ಬೂದಿತಟ್ಟೆಯ ತಳ ನೋಡಿದೆ. ಬೇರೆ ಹೆಸರೇ ಇಲ್ಲ.

ಒಂದು ಹಿಡಿ ಇದ್ದಿಲು ಹಾಕಿ ಕಡ್ಡಿ ಗೀರಿದೆ. ಭಗ್ಗನೆ ಹತ್ತಿಕೊಂಡಿತು.

ಅಳು ಬರಬೇಕಿತ್ತೋ ಏನೋ. ಬರಲಿಲ್ಲ. ಬಂದದ್ದು ಸಿಟ್ಟು. ಅಂಗಡಿಯ ಬಾಗಿಲು ಎಳೆದು, ಆ ತಗಡನ್ನು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಭೋಜನ ಮನೆಗೆ ನಡೆದೆ. ಅವನು ಊಟಕ್ಕೆ ಕೂತಿದ್ದ. ಹೆಂಡತಿ ಸುಲೋಚನಾ ಬಡಿಸುತ್ತಿದ್ದಳು. ತಗಡನ್ನು ಅವನ ತಟ್ಟೆಯ ಪಕ್ಕ ಎಸೆದೆ.

"ಎಲ್ಲಿದಾಳೆ?"

ಅವನು ಯಾರು ಅಂತ ಕೇಳಲಿಲ್ಲ. ಕಲಸಿದ ಅನ್ನ ಕೈಯಲ್ಲೇ ಉಳಿಯಿತು. "ಬಿಚ್ಚಬೇಡ ಅಂದಿದ್ದೆ," ಅಂದ, ಮೆಲ್ಲಗೆ.

"ಎಲ್ಲಿದಾಳೋ, ಪಾಪಿ?"

"ಮೇಲಿನೂರಲ್ಲಿ. ಆಸ್ಪತ್ರೆ ಹಿಂದೆ ಒಂದು ಆಶ್ರಮ ಇದೆ, ದಿಕ್ಕಿಲ್ಲದೋರಿಗೆ." ತಲೆ ಎತ್ತಲಿಲ್ಲ. "ಒಂದು ತಿಂಗಳು ಅಂತ ಬಿಟ್ಟು ಬಂದೆ ಕಲ್ಯಾಣಕ್ಕ, ದೇವರಾಣೆ. ಎರಡನೇ ತಿಂಗಳು ಹೋಗೋಕೆ ಮುಖ ಇರ್ಲಿಲ್ಲ. ಮೂರನೇ ತಿಂಗಳು ಸಂತೇಲಿ ಯಾರೋ ಕೇಳಿದ್ರು, 'ಅಕ್ಕ ಹೋದಳಾ' ಅಂತ. ಹೂಂ ಅಂದ್ಬಿಟ್ಟೆ. ಅಂದ್ಮೇಲೆ ಅಂದ ಹಾಗೇ ಆಗೋಯ್ತು."

"ಅವಳ ಗ್ರಿಲ್ಲು ಯಾಕೆ ಹಚ್ಚಿದೆ? ಬೇರೆ ಒಲೆ ಇರಲಿಲ್ವಾ?"

"ಹಚ್ಚಿದ್ದೆ ಬೇರೇದು, ನನ್ನ ಹೆಸರಲ್ಲಿ. ಒಬ್ಬರೂ ಬರ್ಲಿಲ್ಲ. ವಾರಿಜಕ್ಕನ ಗ್ರಿಲ್ಲಿನ ರುಚಿನೇ ಬೇಕು ಅಂದ್ರು."

ಸುಲೋಚನಾ ಸೌಟನ್ನು ಕುಕ್ಕಿದಳು. "ಬಯ್ಯೋದು ಸುಲಭ. ಎರಡು ಕೋಣೆ ಮನೆ, ಕೈಕೂಸು ಬೇರೆ. ಅವರನ್ನ ಎತ್ತಿ ಕೂರಿಸೋರು ಯಾರು, ತೊಳೆಯೋರು ಯಾರು? ನೀವು ಬಂದು ಬಳೀತಿದ್ರಾ? ಗೆಳತಿ ಗೆಳತಿ ಅಂತೀರಲ್ಲ, ಆಸ್ಪತ್ರೆಗೆ ಒಂದು ದಿನ ಬಂದು ನೋಡಿದ್ರಾ ನೀವು?"

ನೋಡಿರಲಿಲ್ಲ. ಮದುವೆಯ ಹಂಗಾಮು, ಕೈತುಂಬ ಕೆಲಸ, ಹುಷಾರಾಗಿ ಬರುತ್ತಾಳೆ ಬಿಡು ಅಂದುಕೊಂಡಿದ್ದೆ. ಅವಳು ಅಂದದ್ದು ನಿಜವಾದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ನೀರಿನ ಚೊಂಬನ್ನು ಕಾಲಿನಿಂದ ಒದ್ದು ಹೊರಬಂದೆ.

ದಾರಿಯಲ್ಲಿ ಮಾರ್ಕೆಟ್ಟಿನ ಯಜಮಾನ ದಾಮೋದರಯ್ಯ ಸಿಕ್ಕಿದರು. ಅವರಿಗೆ ಎಲ್ಲ ಹೇಳಿದೆ. ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. "ಅನುಮಾನ ಇತ್ತಮ್ಮ. ಕೆತ್ತಿಸಿದ ಹೆಸರಿನ ಮೇಲೆ ಯಾರಾದ್ರೂ ತಗಡು ಹೊಡೆಸ್ತಾರಾ? ಅವರ ಮನೆ ವಿಷಯ ಅಂತ ಸುಮ್ಮನಿದ್ವಿ. ನೀನೂ ಶುಕ್ರವಾರದವರೆಗೆ ತಡ್ಕೋ. ಹೊರಗಿನಿಂದ ಜನ ಬರ್ತಾರೆ, ಊರ ಮರ್ಯಾದೆ ಪ್ರಶ್ನೆ."

"ಸುಮ್ಮನಿದ್ವಿ ಅಂದ್ರೆ? ಎಷ್ಟು ಜನ ಸುಮ್ಮನಿದ್ರಿ?"

ಅವರು ಕೊಡೆ ಬಿಚ್ಚಿಕೊಂಡು ಹೊರಟರು. ಮೀನು ಚೆನ್ನಾಗಿತ್ತು, ಅಷ್ಟೇ. ತಿನ್ನುತ್ತಿದ್ದವರೆಲ್ಲ ತಗಡು ನೋಡುತ್ತ ತಿಂದರು.

ಅಂಗಡಿಗೆ ವಾಪಸು ಬಂದು ಆ ಮೂರು ಅಕ್ಷರದ ಮುಂದೆ ಕೂತೆ. ಮಸಿ ತುಂಬಿ ಕೂತಿತ್ತು. ಸೂಜಿಯಿಂದ ಕೆದರಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸವೆದ ಅಂಚುಗಳನ್ನು ಉಳಿಯಿಂದ ಮತ್ತೆ ಆಳ ಮಾಡಿದೆ. ಒಂದೊಂದು ಪೆಟ್ಟಿಗೂ ಒಬ್ಬೊಬ್ಬರನ್ನು ಬೈದೆ. ಭೋಜನಿಗೊಂದು, ದಾಮೋದರಯ್ಯನಿಗೊಂದು, ನನಗೆ ನಾಲ್ಕು. ಕಪ್ಪು ಎನಾಮೆಲ್ ತುಂಬಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದೆ. ಬೀದಿಯ ಆ ತುದಿಯಿಂದ ಓದಬಹುದಿತ್ತು.

ಗುರುವಾರ ಮೊದಲ ಲಾಂಚಿಗೆ ಹೊರಟೆ. ಆಶ್ರಮದ ಮೇಲ್ವಿಚಾರಕಿ ಒಂದು ಪುಸ್ತಕ ತೆರೆದು, "ವಾರಿಜ? ಹೂಂ, ಅಡುಗೆಮನೇಲಿ ಇದಾಳೆ. ನೀವೇನಾಗ್ಬೇಕು?" ಅಂತ ಕೇಳಿದಳು. "ತಂಗಿ," ಅಂದೆ. "ಕರ್ಕೊಂಡು ಹೋಗೋಕೆ ಸಂಬಂಧಿಕರ ಸಹಿ ಬೇಕು. ಎಷ್ಟು ವರ್ಷದಿಂದ ಕಾಯ್ತಾ ಇದೀವಿ," ಅಂದಳು. ಸಹಿ ಹಾಕಿದೆ.

ಅವಳು ಮಣೆಯ ಮೇಲೆ ಕೂತು ಎಡಗೈಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಕೂದಲು ಪೂರ್ತಿ ಬಿಳಿ. ತಲೆ ಎತ್ತಿ ನನ್ನನ್ನು ನೋಡಿದಳು, ಗುರುತು ಹಿಡಿದಳು, ಮತ್ತೆ ಬದನೆಕಾಯಿಗೆ ತಿರುಗಿದಳು.

"ಈಗ ಬಂದ್ಯಾ," ಅಂದಳು. ಮಾತು ಮರಳಿತ್ತು, ಸ್ವಲ್ಪ ತೊದಲು. "ಭೋಜನಿಗೆ ಮೂರು ಕಾಗದ ಬರೆಸಿದೆ. ಒಂದಕ್ಕೂ ಉತ್ತರ ಇಲ್ಲ. ಊರಿಗೆಲ್ಲ ಗೊತ್ತಿದೆ, ಯಾರಿಗೂ ಬೇಡ ನಾನು ಅಂದ್ಕೊಂಡೆ. ಆಮೇಲೆ ಬರೆಸಲಿಲ್ಲ."

"ನೀನು ಸತ್ತೆ ಅಂತ ಹೇಳಿದ್ದ ಕಣೇ."

ಚಾಕು ನಿಂತಿತು. "ನನ್ನ ಗ್ರಿಲ್ಲು?"

"ಹೊತ್ತುತ್ತಿತ್ತು."

"ದಿನಾ?"

"ದಿನಾ."

"ಹೊತ್ತಿರೋ ಒಲೆ ಮುಂದೆ ನಿಂತ್ಕೊಂಡು ನಾನು ಸತ್ತೆ ಅಂದ್ರಾ ನೀವೆಲ್ಲ?"

ಅವಳ ದನಿ ಏರಿತು. ಅಡುಗೆಮನೆಯ ಹೆಂಗಸರು ತಿರುಗಿ ನೋಡಿದರು. ತಗಡಿನ ವಿಷಯ ಹೇಳಿದೆ, ನನ್ನ ಸೊಕ್ಕಿನ ವಿಷಯವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕಿ, ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದಳು. ನಾನು ತೋಳು ಹಿಡಿಯಲು ಹೋದರೆ ಕೊಸರಿದಳು. ಲಾಂಚಿನಲ್ಲಿ ನಾಲ್ಕು ಗಂಟೆ ನನ್ನ ಮುಖ ನೋಡಲಿಲ್ಲ. ಹೊಳೆಯಿಂದ ನಮ್ಮ ಕೆರೆಗೆ ತಿರುಗುವ ಬಾಯಿ ಕಾಣಿಸಿದಾಗ ಒಂದೇ ಒಂದು ಪ್ರಶ್ನೆ ಕೇಳಿದಳು: "ವೈಕುಂಠ ಸಮಾರಾಧನೆ ಮಾಡಿದ್ರಾ ನಂಗೆ?"

"ಮಾಡಿದ್ರು. ಇಡೀ ಊರಿಗೆ ಊಟ."

"ಏನೇನು ಮಾಡಿಸಿದ್ದ?"

"ವಡೆ, ಹೋಳಿಗೆ, ಗಸಗಸೆ ಪಾಯಸ."

"ಗಸಗಸೆ ಪಾಯಸ ನಂಗೆ ಆಗಲ್ಲ ಅಂತ ಅವನಿಗೆ ಗೊತ್ತು, ಮುಂಡೇಮಗ," ಅಂದಳು.

ಶುಕ್ರವಾರ ಬೆಳಿಗ್ಗೆ ಹೊಸ ಮಾರ್ಕೆಟ್ಟಿನ ಮುಂದೆ ಬಾಳೆಕಂಬ, ಬಣ್ಣದ ಕಾಗದ, ವಾಲಗ. ಗ್ರಿಲ್ಲನ್ನು ನಾನೇ ತಳ್ಳಿಕೊಂಡು ಹೋಗಿ ಬಾಗಿಲ ಬಲಕ್ಕೆ ನಿಲ್ಲಿಸಿದೆ. ಬಿಸಿಲಿಗೆ ಅದರ ಮುಖ ನೀರಿನ ಹಾಗೆ ಹೊಳೆಯಿತು, ಹೆಸರು ಕಣ್ಣಿಗೆ ರಾಚುತ್ತಿತ್ತು. ಜನ ಹೆಸರು ನೋಡಿದರು. ಆಮೇಲೆ ಅದರ ಹಿಂದೆ ಸ್ಟೂಲಿನ ಮೇಲೆ ಕೂತವಳನ್ನು ನೋಡಿದರು. ವಾಲಗದವನು ಊದುವುದನ್ನು ಅರ್ಧಕ್ಕೇ ನಿಲ್ಲಿಸಿದ.

ಭೋಜ ಗುಂಪು ಸರಿಸಿಕೊಂಡು ಬಂದ. ಹಿಂದೆ ಸುಲೋಚನಾ. "ಅಕ್ಕಾ," ಅಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಿಜವಾದ ನೀರೇ. ಕಾಲು ಹಿಡಿಯಲು ಬಗ್ಗಿದ.

ವಾರಿಜ ಕಾಲು ಹಿಂದೆಳೆದುಕೊಂಡಳು. "ಅಲ್ಲಿ ಬುಟ್ಟೀಲಿ ಮೀನಿದೆ. ತೊಳ್ದು ತಾ. ಮುಳ್ಳು ಬಿಟ್ರೆ ನೋಡು." ಅವನು ಬುಟ್ಟಿ ಎತ್ತಿಕೊಂಡು ಕೆರೆಗೆ ಇಳಿದ. ಅವತ್ತಷ್ಟೇ ಅಲ್ಲ, ಮರುದಿನವೂ ತೊಳೆದ, ಆಮೇಲೂ ತೊಳೆದ. ಅವಳು ಅವನ ಹತ್ತಿರ ಆಡಿದ್ದು ಮೀನಿನ ಮಾತು ಮಾತ್ರ.

ಎಡಗೈಯಲ್ಲೇ ಕಡ್ಡಿ ಗೀರಿದಳು. ಹತ್ತಿತು. ಮೊದಲ ಮೀನು ಸರಳಿನ ಮೇಲೆ ಚುರ್ರೆಂದಾಗ ಆ ವಾಸನೆಗೆ ಇಡೀ ಮಾರ್ಕೆಟ್ಟೇ ಬಂದು ಸಾಲು ನಿಂತಿತು. ಎಲ್ಲರ ಮುಂದೆ ದಾಮೋದರಯ್ಯ, ಏನೂ ಆಗಿಲ್ಲವೆಂಬಂತೆ, ಎಲೆ ಚಾಚಿಕೊಂಡು. "ಬಂದದ್ದು ಒಳ್ಳೇದಾಯ್ತಮ್ಮ ವಾರಿಜ."

"ನನ್ನ ತಿಥಿ ಊಟ ಮಾಡಿದ್ರಾ ಯಜಮಾನ್ರೇ?"

"ಅದು... ಊರೋರೆಲ್ಲ..."

"ಮಾಡಿದ್ರಾ ಇಲ್ವಾ?"

"ಮಾಡಿದ್ದೆ."

"ಸತ್ತೋಳ ಕೈಯಿಂದ ಮೀನು ತಿನ್ನಬಾರ್ದು. ಮುಂದಿನೋರು ಬನ್ನಿ."

ಮುಂದಿನವರೂ ಉಂಡಿದ್ದರು. ಅವರ ಹಿಂದಿನವರೂ. ಒಬ್ಬೊಬ್ಬರನ್ನೂ ಅದೇ ಪ್ರಶ್ನೆ ಕೇಳಿದಳು, ಒಬ್ಬೊಬ್ಬರೂ ಖಾಲಿ ಎಲೆ ಹಿಡಿದು ಪಕ್ಕಕ್ಕೆ ಸರಿದರು. ಬಟ್ಟೆಯಂಗಡಿಯವನು ಸುಳ್ಳು ಹೇಳಲು ನೋಡಿದ. ಅವನ ಹೆಂಡತಿಯೇ "ಎರಡನೇ ಪಂಕ್ತೀಲಿ ನನ್ನ ಪಕ್ಕ ಕೂತಿದ್ರಲ್ಲ" ಅಂದುಬಿಟ್ಟಳು. ಮೀನು ಸಿಕ್ಕಿದ್ದು ಹೊರಊರಿನವರಿಗೆ, ಆಮೇಲೆ ಹುಟ್ಟಿದ ಮಕ್ಕಳಿಗೆ, ಈಚೆಗೆ ಸೊಸೆಯರಾಗಿ ಬಂದವರಿಗೆ. ಸೊಸೆಯರು ತಿನ್ನುತ್ತಿದ್ದರು, ಅತ್ತೆಯರು ನೋಡುತ್ತಿದ್ದರು.

ನಾನೂ ಸಾಲಿನಲ್ಲಿದ್ದೆ. ನನ್ನನ್ನು ಕೇಳುವುದಿಲ್ಲ ಅಂದುಕೊಂಡಿದ್ದೆ. ಎಲೆ ಚಾಚಿದೆ.

"ನೀನು ಊಟ ಮಾಡಿದ್ಯಾ?"

"ವಾರಿಜಾ..."

"ಮಾಡಿದ್ಯಾ?"

"ಮಾಡಿದ್ದೆ. ಹೋಳಿಗೆ ಎರಡು ಸಲ ಹಾಕಿಸ್ಕೊಂಡಿದ್ದೆ."

"ಪಕ್ಕಕ್ಕೆ ಹೋಗು."

ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. ಮೂರು ದಿನ ಬೆನ್ನು ಮುರಿದು ಉಜ್ಜಿದವಳು ನಾನು, ತಗಡು ಕಿತ್ತವಳು ನಾನು, ಲಾಂಚು ಹತ್ತಿ ಹೋದವಳು ನಾನು. ಊರಿನವರ ಹಾಗೆ ನನ್ನನ್ನೂ ಪಕ್ಕಕ್ಕೆ ಕಳಿಸುತ್ತಾಳೆಯೇ? "ಯಾರೇ ನಿನ್ನ ಕರ್ಕೊಂಡು ಬಂದಿದ್ದು? ನಾನು ಬಿಚ್ಚದೇ ಇದ್ದಿದ್ರೆ ಅಲ್ಲೇ ಬದನೆಕಾಯಿ ಹೆಚ್ಚುತಾ ಇರ್ತಿದ್ದೆ!" ಅಂತ ಕಿರುಚಿದೆ.

"ಹನ್ನೊಂದು ವರ್ಷ ಆದ್ಮೇಲೆ ಬಿಚ್ಚಿದ್ಯಲ್ಲೇ!" ಅವಳೂ ಕಿರುಚಿದಳು. ತೊದಲು ಎಲ್ಲೋ ಹೋಗಿತ್ತು. "ಹೆಸರು ಹಾಕೋಳಂತೆ ಹೆಸರು! ತಗಡಿಗೂ ಕೆತ್ತಿದ್ದಕ್ಕೂ ವ್ಯತ್ಯಾಸ ಗೊತ್ತಿಲ್ವಾ? ಒಂದು ಸಲ ಬಗ್ಗಿ ನೋಡೋಕೆ ಏನಾಗಿತ್ತು ನಿನ್ನ ಸೊಂಟಕ್ಕೆ?"

"ಸೊಕ್ಕು ಬಂದಿತ್ತು!"

"ಅದನ್ನೇ ತಿನ್ನು ಹೋಗು!"

ಇಬ್ಬರೂ ಐವತ್ತು ದಾಟಿದವರು, ಬಾಳೆಕಂಬದ ಕೆಳಗೆ, ಹೊರಊರಿನವರ ಮುಂದೆ, ಗಂಟಲು ಹರಿಯುವವರೆಗೆ ಜಗಳವಾಡಿದೆವು. ಹಳೆಯದೆಲ್ಲ ಬಂತು. ಯಾವಾಗಲೋ ಅವಳು ಒಯ್ದು ಕೊಡದೇ ಇದ್ದ ನನ್ನ ಕತ್ತರಿ ಬಂತು, ನಾನು ಅವಳ ಸೀರೆಯ ಬಣ್ಣಕ್ಕೆ ನಕ್ಕದ್ದು ಬಂತು. ಸರಳಿನ ಮೇಲಿನ ಮೀನು ಒಂದು ಬದಿ ಕರಕಲಾಯಿತು. ಅವಳು ನೋಡಿಕೊಂಡು, ಎಡಗೈಯಲ್ಲಿ ಮಗುಚಿ, ಏದುಸಿರು ಬಿಟ್ಟಳು. ನನಗೂ ಉಸಿರು ಸಾಲುತ್ತಿರಲಿಲ್ಲ. ಅವಳ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಅವಳು ಎದ್ದು ಹೋಗು ಅನ್ನಲಿಲ್ಲ. ಮುಂದಿನವರಿಗೆ ಪ್ರಶ್ನೆ ಕೇಳುತ್ತ, ಮೀನು ಕೊಡುತ್ತ, ಕೊಡದೆ ಕಳಿಸುತ್ತ, ಬುಟ್ಟಿ ಬರಿದಾಗುವವರೆಗೆ ಕೂತಿದ್ದಳು. ಆಮೇಲೆ ಕೆಂಡಕ್ಕೆ ಬೂದಿ ಮುಚ್ಚಿ ನನ್ನ ಕಡೆ ತಿರುಗಿದಳು.

"ಮೀನು ಇಲ್ಲ ನಿಂಗೆ," ಅಂದಳು. "ಜಗಳ ಇನ್ನೂ ಮುಗಿದಿಲ್ಲ. ನಾಳೆ ಬಾ."